ಕಡಿದು ಸುಟ್ಟರೆ ಲಂಟಾನ ಹೋಗುವುದಿಲ್ಲ

ನಮಸ್ಕಾರ,

ನಮ್ಮ ಕಾಡುಗಳಲ್ಲಿ ಹಬ್ಬಿರುವ ಹೊರಗಿನ ಕಳೆಪೊದೆ ಲಂಟಾನ ಕುರಿತು ನೀವು ಕಳಿಸಿದ ಲೇಖನ ಓದಿದೆವು. ಈಗಿರುವಂತೆ ಪ್ರಕಟಿಸಲಾಗದು. ಭಾಷೆ ಚೆನ್ನಾಗಿದೆ, ಕಾಡಿನ ಮೇಲಿನ ಸಂಕಟವೂ ನಿಜವಾದದ್ದು. ಆದರೆ ಎಂಟು ಪುಟಗಳಲ್ಲಿ ಆರು ಮನುಷ್ಯನ ದುರಾಸೆಯನ್ನು ಬೈಯುವುದಕ್ಕೇ ಹೋಗಿವೆ. ಗಿಡ ಕಾಣಿಸಿಕೊಳ್ಳುವುದು ಏಳನೆಯದರಲ್ಲಿ. ಅಲ್ಲಿ ನೀವು ಹೇಳುವ ಪರಿಹಾರ, ‘ಕಡಿದು ಸುಟ್ಟುಬಿಡಬೇಕು’ ಎಂಬುದು, ತಪ್ಪು. ನಂಬಿ ಹಾಗೆ ಮಾಡಿದವರ ಜಾಗದಲ್ಲಿ ಮುಂದಿನ ಮಳೆಗೆ ಪೊದೆ ಇನ್ನಷ್ಟು ದಟ್ಟವಾಗಿರುತ್ತದೆ.

ಯಾಕೆಂಬುದು ಬುಡದಲ್ಲೇ ಇದೆ. ಮಣ್ಣು ಸರಿಸಿ ನೋಡಿ. ಕಾಂಡ ಮುಗಿದು ಬೇರು ಶುರುವಾಗುವಲ್ಲಿ ದಪ್ಪನೆಯ ಗಂಟು ಸಿಗುತ್ತದೆ. ಚಿಗುರುವ ಮೊಗ್ಗುಗಳಿರುವುದು ಅಲ್ಲಿ. ಮಚ್ಚು ಬೀಸಿದರೂ ಬೆಂಕಿ ಇಟ್ಟರೂ ಅದು ಉಳಿಯುತ್ತದೆ. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಮತ್ತು ಸಂಗಡಿಗರು ರೂಪಿಸಿದ ವಿಧಾನ ಈ ಗಂಟನ್ನೇ ಹಿಡಿಯುತ್ತದೆ. ನೆಲಮಟ್ಟದಿಂದ 3–5 ಸೆಂಟಿಮೀಟರ್ ಕೆಳಗೆ ತಾಯಿಬೇರನ್ನು ಗುದ್ದಲಿಯಿಂದ ಕತ್ತರಿಸಿ, ಪೊದೆಯನ್ನು ಎತ್ತಿ ತಲೆಕೆಳಗಾಗಿ ಇಡಬೇಕು. ಬುಡಕ್ಕೆ ಮಣ್ಣು ತಾಗದೆ ಅದು ಒಣಗಿ ಸಾಯುತ್ತದೆ. ಹೂವು, ಕಾಯಿ ಕಟ್ಟುವ ಮೊದಲೇ ಇದು ಮುಗಿಯಬೇಕು. ಜೆಸಿಬಿ ಬೇಡ, ನೆಲ ಕದಡಿದಷ್ಟೂ ಹೊಸ ಸಸಿಗಳಿಗೆ ಹದವಾಗುತ್ತದೆ.

ಕೆಲಸ ಸೋಲುವುದು ಹೆಚ್ಚಾಗಿ ಇದರ ನಂತರ. ಪಿಕಳಾರಗಳು ಕಪ್ಪು ಹಣ್ಣು ತಿಂದು ಮರದ ಮೇಲೆ ಕೂತು ಹಿಕ್ಕೆ ಹಾಕುತ್ತವೆ. ಆ ಮರಗಳ ಕೆಳಗೇ ಸಸಿಗಳು ಗುಂಪಾಗಿ ಏಳುತ್ತವೆ. ಎರಡು ಮೂರು ಮಳೆಗಾಲ ಅಲ್ಲಿಗೆ ಹೋಗಿ ಕೈಯಲ್ಲೇ ಕೀಳಬೇಕು. ಬಯಲಾದ ಜಾಗಕ್ಕೆ ಸ್ಥಳೀಯ ಹುಲ್ಲು ಬರದಿದ್ದರೆ ಕಮ್ಯುನಿಸ್ಟ್ ಗಿಡವೆಂಬ ಇನ್ನೊಂದು ಕಳೆ ಬಂದು ಕೂರುತ್ತದೆ. ನಿಮ್ಮ ಲೇಖನದಲ್ಲಿ ಹುಲ್ಲಿನ ಮಾತೇ ಇಲ್ಲ. ಜಿಂಕೆ, ಕಾಟಿಗಳ ಮೇವು ಅದೇ ಅಲ್ಲವೇ?

ಇನ್ನು ಮನುಷ್ಯನ ಪಾಲು. ಕಾಡಿನ ಆದಿವಾಸಿಗಳಾದ ಸೋಲಿಗರು ಹಚ್ಚುತ್ತಿದ್ದ ಬೆಂಕಿಯನ್ನು ನೀವು ಅಪರಾಧಗಳ ಪಟ್ಟಿಗೆ ಸೇರಿಸಿದ್ದೀರಿ. ಇದು ಅನ್ಯಾಯ. ಬಿಳಿಗಿರಿರಂಗನಬೆಟ್ಟದಲ್ಲಿ ಅವರು ಬೇಸಿಗೆ ಏರುವ ಮುನ್ನವೇ ಹಾಕುತ್ತಿದ್ದ ತರಗು ಬೆಂಕಿ ನೆಲದ ತರಗೆಲೆಯನ್ನಷ್ಟೇ ಸುಟ್ಟು ಹೋಗುವಂಥದ್ದು. ಬಲಿತ ಪೊದೆ ಬೆಂಕಿಗೆ ಸಾಯದು, ಎಳೆಯ ಸಸಿ ಸಾಯುತ್ತದೆ. ಈ ವ್ಯತ್ಯಾಸ ನಿಮ್ಮ ಬರಹದಲ್ಲಿ ಬರಲೇಬೇಕು. 1974ರಲ್ಲಿ ವನ್ಯಧಾಮವಾದ ಮೇಲೆ ಆ ರೂಢಿ ನಿಂತಿತು, ಲಂಟಾನ ಹಬ್ಬಿದ್ದು ಆಮೇಲೆಯೇ ಎನ್ನುತ್ತಾರೆ ಸೋಲಿಗ ಹಿರಿಯರು. ಈಗ ಬಿದ್ದ ಬೆಂಕಿ ಒಣಪೊದೆ ಹಿಡಿದು ಮರದ ನೆತ್ತಿಗೇರುತ್ತದೆ.

ಮಲೆ ಮಹದೇಶ್ವರ ಬೆಟ್ಟದ ಲಂಟಾನ ಪೀಠೋಪಕರಣವನ್ನು ‘ಶಾಶ್ವತ ಪರಿಹಾರ’ ಎಂದಿದ್ದೀರಿ. ಕುರ್ಚಿಗೆ ಬೇಕಾದದ್ದು ಕಾಂಡ, ಬೇರು ನೆಲದಲ್ಲೇ ಉಳಿಯುತ್ತದೆ. ಅದನ್ನು ಜೀವನೋಪಾಯ ಎನ್ನಿ, ಅಷ್ಟೇ ಸಾಕು. ಗಿಡದ ಮೂಲ ನೀವು ಬರೆದಂತೆ ಆಫ್ರಿಕಾ ಅಲ್ಲ, ಅಮೆರಿಕದ ಉಷ್ಣವಲಯ. 19ನೇ ಶತಮಾನದ ಆರಂಭದಲ್ಲಿ ತೋಟದ ಅಂದಕ್ಕೆಂದು ತಂದದ್ದು.

ಮೊದಲ ಆರು ಪುಟ ತೆಗೆದು, ಒಂದು ಪೊದೆಯ ಬುಡದಿಂದ ಶುರುಮಾಡಿ. ಸಾವಿರ ಪದ ಸಾಕು. ಮೇ ತಿಂಗಳೊಳಗೆ ಬಂದರೆ ಮಳೆಗೆ ಮುಂಚೆ ಹಾಕುತ್ತೇವೆ, ಗುದ್ದಲಿ ಹಿಡಿಯುವವರಿಗೆ ಬೇಕಾಗುವುದು ಆಗಲೇ.