ಯಾನಗಿಸಾವಾ ಟೆನರ್ ಸ್ಯಾಕ್ಸೋಫೋನ್: ಟಿ-ಡಬ್ಲ್ಯೂಓ1 ತಗೊಳ್ಳಲಾ, ಟಿ-ಡಬ್ಲ್ಯೂಓ2 ತಗೊಳ್ಳಲಾ?

ಜಪಾನಿನ ಯಾನಗಿಸಾವಾ ಕಂಪನಿಯ ಈ ಎರಡೂ ಮಾದರಿಗಳ ವಿನ್ಯಾಸ ಹೆಚ್ಚುಕಮ್ಮಿ ಒಂದೇ. ಡಬ್ಲ್ಯೂಓ1ರ ಮೈ ಹಿತ್ತಾಳೆ, ಡಬ್ಲ್ಯೂಓ2ರದ್ದು ಕಂಚು. ಕಂಚಿನ ನಾದ ಸ್ವಲ್ಪ ದಪ್ಪ ಅಂತಾರೆ. ಆದರೆ ಲೋಹಕ್ಕಿಂತ ಬಾಯಿಗಿಡುವ ಮೌತ್‌ಪೀಸ್, ರೀಡ್ (ಅದಕ್ಕೆ ಕಟ್ಟುವ, ಊದಿದಾಗ ಕಂಪಿಸುವ ತೆಳು ಪಟ್ಟಿ) ಬದಲಿಸಿದಾಗಲೇ ನಾದ ಜಾಸ್ತಿ ಬದಲಾಗೋದು, ಹಾಗಾಗಿ ಬೆಂಗಳೂರಲ್ಲಿ ಯಾವ ಅಂಗಡಿಗೆ ಹೋದರೂ ನಿಮ್ಮದೇ ಮೌತ್‌ಪೀಸ್ ಒಯ್ದು ಎರಡನ್ನೂ ಅದರಲ್ಲೇ ಊದಿ, ಜೊತೆಗೆ ಬಂದ ಗೆಳೆಯ ಹತ್ತು ಹೆಜ್ಜೆ ದೂರದಲ್ಲಿ ಬೆನ್ನು ತಿರುಗಿಸಿ ನಿಂತು ಕೇಳಲಿ. ಎಲ್ಲಕ್ಕಿಂತ ಕೆಳಗಿನ ಸ್ವರವಾದ ಬಿ ಫ್ಲ್ಯಾಟ್ ಮೆಲ್ಲಗೆ ಊದಿದರೂ ಸಲೀಸಾಗಿ ಬರಬೇಕು. ತಡವರಿಸಿದರೆ ತೂತು ಮುಚ್ಚುವ ಪ್ಯಾಡ್ ಎಲ್ಲೋ ಸೋರುತ್ತಿರಬಹುದು.

ಕದ್ರಿ ಗೋಪಾಲನಾಥ್ ಅವರನ್ನು ಕೇಳಿ ಆಸೆ ಹುಟ್ಟಿದ್ದರೆ, ಅವರು ನುಡಿಸುತ್ತಿದ್ದದ್ದು ಟೆನರ್ ಅಲ್ಲ, ಅದಕ್ಕಿಂತ ಚಿಕ್ಕದಾದ, ಏರುಶ್ರುತಿಯ ಆಲ್ಟೊ, ಅದು ಗೊತ್ತಿರಲಿ! ನಾನಾದರೆ ಡಬ್ಲ್ಯೂಓ1 ತಗೊಂಡು, ಉಳಿದ ದುಡ್ಡಲ್ಲಿ ಒಳ್ಳೆ ಮೌತ್‌ಪೀಸ್ ಕೊಳ್ಳುತ್ತೇನೆ.