ನೆಲಮಾಳಿಗೆಯಲ್ಲಿ ಕೌದಿ ಕೋಣೆ: ಮೊದಲು ತೇವ, ಆಮೇಲೆ ಮೇಜು

ಮಿಶಿಗನ್‌ನಲ್ಲಿ ಹೊಸ ಮನೆ, ನೆಲಮಾಳಿಗೆಯಲ್ಲಿ 12 ಅಡಿಗೆ 14 ಅಡಿಯ ಖಾಲಿ ಜಾಗ, ತಾಯಿಯ ಹಳೆಯ ಸೀರೆಗಳಿಂದ ಕೌದಿ ಹೊಲಿಯುವ ಆಸೆ, ಯಾವ ಮೇಜು ಕೊಳ್ಳಲಿ ಎಂದು ಕೇಳಿದ್ದೀರಿ. ಮೇಜಿನ ಮಾತಿಗೆ ಆಮೇಲೆ ಬರುತ್ತೇನೆ. ಆ ಸೀರೆಗಳ ಪೆಟ್ಟಿಗೆ ಈಗ ಎಲ್ಲಿದೆ? ಕೆಳಗೆ ಸಿಮೆಂಟ್ ನೆಲದ ಮೇಲಿದ್ದರೆ ಇವತ್ತೇ ಮೇಲಕ್ಕೆ ತನ್ನಿ.

ನಾನು ಹಾಗೆ ಇಟ್ಟು ಕಳೆದುಕೊಂಡಿದ್ದೇನೆ. ಓಹಾಯೋದ ಈ ಮನೆಗೆ ಬಂದ ಮೊದಲ ವರ್ಷ ಅಜ್ಜಿಯ ಇಳಕಲ್ ಸೀರೆಗಳನ್ನು ರಟ್ಟಿನ ಪೆಟ್ಟಿಗೆಯಲ್ಲೇ ಬಿಟ್ಟು ಗೋಡೆಗೆ ಒತ್ತಿ ಇಟ್ಟಿದ್ದೆ. ಬೇಸಿಗೆ ಕಳೆದು ತೆಗೆದಾಗ ಪೆಟ್ಟಿಗೆಯ ತಳ ನೆನೆದ ಹಪ್ಪಳದಂತೆ ಮೆತ್ತಗಾಗಿತ್ತು. ಅಡಿಯ ಸೀರೆಯ ಮಡಿಕೆಗಳ ಉದ್ದಕ್ಕೂ ಎಳ್ಳು ಚೆಲ್ಲಿದಂತೆ ಕಪ್ಪು ಚುಕ್ಕೆಗಳು. ಕೆಂಪು ಸೆರಗಿಗೆ ಸಿಕ್ಕಿಸಿದ್ದ ಪಿನ್ನು ತುಕ್ಕು ಹಿಡಿದು ರೇಷ್ಮೆಗೆ ಅಂಟಿತ್ತು. ಎಳೆದರೆ ಬಟ್ಟೆಯೇ ಹರಿದು ಬಂತು. ಮೂರು ಸೀರೆಗಳು ಕೌದಿಗೂ ಒದಗಲಿಲ್ಲ.

ಹೊರಗಿನಿಂದ ಒಂದು ಹನಿ ನೀರೂ ಒಳಗೆ ಬಂದಿರಲಿಲ್ಲ. ತೇವ ತಂದದ್ದು ಗಾಳಿ. ಮುಗ್ಗಲು ವಾಸನೆ ಬಂದರೆ ಕಿಟಕಿ ತೆರೆಯಬೇಕು ಎಂಬುದು ಊರಿನಲ್ಲಿ ಕಲಿತ ಪಾಠ. ಇಲ್ಲಿ ಜುಲೈ ತಿಂಗಳಲ್ಲಿ ನೆಲಮಾಳಿಗೆಯ ಕಿಟಕಿ ತೆರೆದರೆ ಆಗುವುದು ತದ್ವಿರುದ್ಧ. ಹೊರಗಿನ ಸೆಕೆಯ ಗಾಳಿ ಮಣ್ಣಿನ ತಂಪು ಹಿಡಿದ ಗೋಡೆಗೆ ತಾಗುತ್ತದೆ. ಫ್ರಿಜ್‌ನಿಂದ ತೆಗೆದ ತಂಬಿಗೆಯ ಹೊರಮೈಯಂತೆ ಗೋಡೆಯೂ ನೆಲವೂ ಬೆವರುತ್ತವೆ. ಆದ್ದರಿಂದ ಬೇಸಿಗೆಯಲ್ಲಿ ಕಿಟಕಿ ಮುಚ್ಚಿ, ತೇವ ಹೀರುವ ಯಂತ್ರ ಹಾಕಿ. ಅಂಗಡಿಯಲ್ಲಿ ಡೀಹ್ಯುಮಿಡಿಫೈಯರ್ ಎಂದು ಕೇಳಿ. ಅದರ ಬಾಲ್ದಿಯನ್ನು ದಿನವೂ ಚೆಲ್ಲುವ ಬದಲು ಪೈಪು ಹಾಕಿ ನೆಲದ ಮೋರಿಗೆ ಬಿಡಿ. ಬಾಲ್ದಿ ತುಂಬಿದರೆ ಯಂತ್ರ ತಾನಾಗಿ ನಿಲ್ಲುತ್ತದೆ, ನೀವು ಊರಿಗೆ ಹೋದ ಒಂದು ತಿಂಗಳಲ್ಲಿ ಎಲ್ಲ ಕೆಡುತ್ತದೆ. ಗೋಡೆಯ ಮೇಲೆ ಸಣ್ಣ ತೇವಮಾಪಕ ತೂಗುಹಾಕಿ, ಮುಳ್ಳು ಶೇಕಡಾ 50ರ ಆಸುಪಾಸಿನಲ್ಲಿರಲಿ. 60 ದಾಟಿದರೆ ಬೂಷ್ಟಿಗೆ ಹಬ್ಬ.

ನೆಲವನ್ನೂ ಪರೀಕ್ಷಿಸಿ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚುಗಳನ್ನು ಟೇಪಿನಿಂದ ಸಿಮೆಂಟಿಗೆ ಅಂಟಿಸಿ ಒಂದು ಹಗಲು ಒಂದು ರಾತ್ರಿ ಬಿಡಿ. ಎತ್ತಿದಾಗ ಒಳಗೆ ಹನಿ ಕಟ್ಟಿದ್ದರೆ, ಅಥವಾ ಅಷ್ಟು ಜಾಗದ ಸಿಮೆಂಟು ಕಪ್ಪಾಗಿದ್ದರೆ, ಮಣ್ಣಿನ ತೇವ ನೆಲದ ಮೂಲಕವೇ ಏರುತ್ತಿದೆ ಎಂದರ್ಥ. ಗೋಡೆಯಲ್ಲಿ ಬಿಳಿ ಉಪ್ಪಿನ ಪುಡಿ ಕಂಡರೆ ಅಲ್ಲಿಯೂ ನೀರು ಹಾದು ಬರುತ್ತಿದೆ. ಆಗ ಮೊದಲು ಮನೆಯ ಹೊರಗೆ ಒಂದು ಸುತ್ತು ಹಾಕಿ: ಸೂರಿನ ನೀರು ಇಳಿಯುವ ಕೊಳವೆ ಗೋಡೆಯ ಬುಡದಲ್ಲೇ ಸುರಿಯುತ್ತಿದೆಯೇ, ಅಂಗಳದ ಮಣ್ಣು ಮನೆಯ ಕಡೆಗೇ ಇಳಿಜಾರಾಗಿದೆಯೇ ನೋಡಿ. ಕೊಳವೆಗೆ ಕೆಲವು ಅಡಿ ಜೋಡಿಸಿ ನೀರನ್ನು ದೂರ ಬಿಡುವ ಅಗ್ಗದ ಕೆಲಸಕ್ಕೆ ಎಷ್ಟೋ ಮನೆಗಳ ತೇವ ಇಳಿಯುತ್ತದೆ.

ಇನ್ನು ಕೋಣೆಯ ಜೋಡಣೆ. ಇಲ್ಲಿನ ಕ್ವಿಲ್ಟ್ ಹೊಲಿಯುವವರ ಕೋಣೆಗಳ ಚಿತ್ರ ನೋಡಿ ನಡುವೆ ದೊಡ್ಡ ಮೇಜು ಹಾಕಬೇಡಿ. ಅವರ ಕೆಲಸ ಬೇರೆ: ಮೂರು ಪದರ ಜೋಡಿಸಿ, ಸಾಮಾನ್ಯವಾಗಿ ನಡುವಿನಿಂದ ಹೊರಕ್ಕೆ ಯಂತ್ರದಲ್ಲಿ ಹೊಲಿಯುತ್ತಾರೆ. ನಮ್ಮ ಕೌದಿ ನೆಲದ ಮೇಲೆ ಹುಟ್ಟುವಂಥದ್ದು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಸಮುದಾಯದ ಹೆಂಗಸರು ಅಂಚಿನಿಂದ ಶುರುಮಾಡಿ, ತುಂಡಿನ ಪಕ್ಕ ತುಂಡು ಇಡುತ್ತಾ, ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ಹಾಗೆ ಹೊಲಿಯುವಾಗ ಕೌದಿ ತಿರುಗುತ್ತಲೇ ಇರಬೇಕು, ಇಲ್ಲವೇ ನೀವು ಅದರ ಸುತ್ತ ಜರುಗಬೇಕು. 5 ಅಡಿಗೆ 7 ಅಡಿಯ ಕೌದಿಗೆ ಸುತ್ತ ಎರಡೆರಡು ಅಡಿ ಬಿಟ್ಟರೆ 9 ಅಡಿಗೆ 11 ಅಡಿ ಬೇಕು. ನಿಮ್ಮ ಕೋಣೆಯ ನಡುಭಾಗ ಪೂರ್ತಿ ಅದಕ್ಕೇ ಮೀಸಲಿಡಿ.

ನೆಲಕ್ಕೆ ಹಾಸಲು ಕಾರ್ಪೆಟ್ ಬೇಡವೇ ಬೇಡ. ತೇವ ಕುಡಿಯುತ್ತದೆ, ಸೂಜಿ ನುಂಗುತ್ತದೆ. ತಳದಲ್ಲಿ ಸಣ್ಣ ಉಬ್ಬುಗಳಿದ್ದು ಕೆಳಗೆ ಗಾಳಿಯಾಡುವ ಪ್ಲಾಸ್ಟಿಕ್ ಹಲಗೆಗಳು ಸಿಗುತ್ತವೆ. ಅವುಗಳ ಮೇಲೆ ಎತ್ತಿ ಒಣಗಿಸಬಹುದಾದ ಹತ್ತಿಯ ಜಮಖಾನೆ. ಚಳಿಗಾಲದಲ್ಲಿ ಮೊಣಕಾಲು ನಿಮಗೆ ಕೃತಜ್ಞವಾಗಿರುತ್ತದೆ. ಸೂಜಿಗಳನ್ನು ಎಣಿಸಿ ತೆಗೆದು ಎಣಿಸಿ ಇಡಿ. ಮಕ್ಕಳಿರುವ ಮನೆಯಲ್ಲಿ ಅಯಸ್ಕಾಂತವೂ ಇರಲಿ.

ಬೆಳಕಿಗೆ ಹಣ ಖರ್ಚು ಮಾಡಲು ಹಿಂಜರಿಯಬೇಡಿ. ಹಳದಿ ಬಲ್ಬಿನಡಿ ಕಡುನೀಲಿಯೂ ಕಪ್ಪೂ ಒಂದೇ ಆಗಿ ಕಾಣುತ್ತವೆ; ಬೆಳಗ್ಗೆ ಮೇಲೆ ತಂದು ನೋಡಿದಾಗ ಗೊತ್ತಾಗುತ್ತದೆ. ಹಗಲಿನಂಥ ಬಿಳಿ ಬೆಳಕಿನ, ಅಂದರೆ 5000 ಕೆಲ್ವಿನ್ ಆಸುಪಾಸಿನ, ಬಣ್ಣ ತೋರಿಸುವ ಸೂಚ್ಯಂಕ (ಸಿಆರ್‌ಐ) 90ಕ್ಕಿಂತ ಹೆಚ್ಚಿರುವ ಎಲ್‌ಇಡಿ ಪಟ್ಟಿಗಳನ್ನು ಚಾವಣಿಗೆ ಹಾಕಿ. ಇದಲ್ಲದೆ ನೆಲದ ಹತ್ತಿರ ಒಂದು ತಗ್ಗು ದೀಪ, ಬಲಗೈಯವರಿಗೆ ಎಡಕ್ಕೆ. ಬೆಳಕು ಬಟ್ಟೆಯ ಮೇಲೆ ಓರೆಯಾಗಿ ಬಿದ್ದರೆ ಹೊಲಿದ ಸಾಲಿನ ಪಕ್ಕ ಸಣ್ಣ ನೆರಳು ಏಳುತ್ತದೆ, ಮುಂದಿನ ಸಾಲನ್ನು ಅದಕ್ಕೆ ಸಮನಾಗಿ ಹಾಕಬಹುದು. ಗೆರೆ ಎಳೆಯುವ ಅಗತ್ಯವೇ ಬೀಳುವುದಿಲ್ಲ.

ವಿದ್ಯುತ್ತಿನ ಒಂದು ಲೆಕ್ಕ: ಇಲ್ಲಿನ 15 ಆಂಪಿಯರ್ ಸರ್ಕ್ಯೂಟ್ 120 ವೋಲ್ಟಿನಲ್ಲಿ 1800 ವ್ಯಾಟ್ ಹೊರುತ್ತದೆ. ಇಸ್ತ್ರಿಪೆಟ್ಟಿಗೆ ಒಂದೇ 1500 ತಿನ್ನಬಹುದು, ಕೋಣೆ ಬಿಸಿಮಾಡುವ ಹೀಟರ್ ಇನ್ನೊಂದು 1500. ಎರಡೂ ಒಂದೇ ಸಾಲಿನಲ್ಲಿದ್ದರೆ ಕತ್ತಲೆ. ಇಸ್ತ್ರಿಗೆ ಪ್ರತ್ಯೇಕ ಸಾಲು ಎಳೆಸಿ. ಊರಿನಿಂದ 230 ವೋಲ್ಟಿನ ಮೋಟಾರಿನ ಹೊಲಿಗೆ ಯಂತ್ರ ತರುವ ಯೋಚನೆಯಿದ್ದರೆ ಬಿಡಿ. ಕಾಲಿನಲ್ಲಿ ತುಳಿಯುವ ಯಂತ್ರವಾದರೆ ಖಂಡಿತ ತನ್ನಿ.

ಗ್ಯಾಸಿನ ಫರ್ನೇಸ್ ಅಥವಾ ನೀರಿನ ಬಾಯ್ಲರ್ ಅದೇ ಕೋಣೆಯಲ್ಲಿದ್ದರೆ ಬಟ್ಟೆಯನ್ನು ಕನಿಷ್ಠ 3 ಅಡಿ ದೂರ ಇಡಿ. ಹಳೆಯ ಹತ್ತಿ ಸೀರೆಯನ್ನು ಹರಿದಾಗ ಹಾರುವ ನವಿರು ಧೂಳು ಬೆಂಕಿಯ ಬಳಿ ಸುಳಿಯಬಾರದು. ಹೊಗೆಗೂ ಕಾರ್ಬನ್ ಮೊನಾಕ್ಸೈಡಿಗೂ ಅಲಾರಂ ಇರಲೇಬೇಕು. ರೇಡಾನ್ ಎಂಬ ವಿಕಿರಣಶೀಲ ಅನಿಲದ ಪರೀಕ್ಷೆಯನ್ನೂ ಮಾಡಿಸಿ. ಅದಕ್ಕೆ ವಾಸನೆಯಿಲ್ಲ, ಮಣ್ಣಿನಿಂದ ಬರುತ್ತದೆ, ದಿನಕ್ಕೆ ಮೂರು ನಾಲ್ಕು ಗಂಟೆ ನೀವು ಅಲ್ಲೇ ಉಸಿರಾಡುವವರು. ಲೀಟರಿಗೆ 4 ಪಿಕೊಕ್ಯೂರಿ ಅಥವಾ ಹೆಚ್ಚು ಬಂದರೆ ಸರಿಪಡಿಸಬೇಕು ಎಂಬುದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಸಲಹೆ.

ಈಗ ಮೇಜು. ಕೌದಿಯ ಸೀರೆಯನ್ನು ಅಂಚಿನಲ್ಲಿ ಕತ್ತರಿಯಿಂದ ಕಚ್ಚು ಕೊಟ್ಟು ಕೈಯಲ್ಲೇ ಹರಿಯಬಹುದು, ಎಳೆ ನೇರವಾಗಿ ಬರುತ್ತದೆ. ಹಾಗಾಗಿ ದೊಡ್ಡ ಕತ್ತರಿಸುವ ಮೇಜು ಬೇಕಿಲ್ಲ. ಗೋಡೆಗೆ ಮಡಚಿಡುವ ಒಂದು ಸಾಕು, ಎತ್ತರ 36 ಇಂಚು, ಅಡುಗೆಕಟ್ಟೆಯಷ್ಟು. ಅದಕ್ಕಿಂತ ತಗ್ಗಾದರೆ ಸಂಜೆಗೆ ಸೊಂಟ ಹಿಡಿಯುತ್ತದೆ. ಸೀರೆಗಳಿಗೆ ಹೊರಗೋಡೆಯಿಂದ ಒಂದು ಗೇಣು ಬಿಟ್ಟು, ನೆಲದಿಂದಲೂ ಮೇಲೆತ್ತಿದ ತಂತಿಯ ಕಪಾಟು. ರಟ್ಟಿನ ಪೆಟ್ಟಿಗೆ ಬೇಡ.

ಪ್ಲಾಸ್ಟಿಕ್ ಹಾಳೆಯ ಕೆಳಗೆ ಏನು ಕಂಡಿತು ಎಂದು ಬರೆಯಿರಿ. ಹಲಗೆ ಕೊಳ್ಳುವುದನ್ನು ಅಲ್ಲಿಯವರೆಗೆ ತಡೆಯಿರಿ.