ಹಡಗಿನ ಟೀಗೆ ನಮ್ಮದೇ ಟೇಬಲ್ ಸಿಗುತ್ತದೆಯೇ?

ಪ್ರವಾಸ ಪ್ರಶ್ನೋತ್ತರ

ಪ್ರಶ್ನೆ: ಈ ವರ್ಷ ಅಪ್ಪ-ಅಮ್ಮನ ಮದುವೆಯ 50ನೇ ವರ್ಷ. ಲಂಡನ್ನಿನಲ್ಲಿರುವ ಅಣ್ಣ ಅವರಿಬ್ಬರಿಗೂ ‘ಕ್ವೀನ್ ಮೇರಿ 2’ ಹಡಗಿನಲ್ಲಿ ಸೌತಾಂಪ್ಟನ್‌ನಿಂದ ನ್ಯೂಯಾರ್ಕ್‌ಗೆ ಟಿಕೆಟ್ ಮಾಡಿಸಿದ್ದಾನೆ. ಅಲ್ಲಿ ಮಧ್ಯಾಹ್ನದ ಟೀ ಬಹಳ ಹೆಸರುವಾಸಿಯಂತೆ. ಆದರೆ ಗುರುತಿಲ್ಲದವರ ಜೊತೆ ಒಂದೇ ಟೇಬಲ್‌ಗೆ ಕೂರಿಸುತ್ತಾರೆ ಎಂದು ಕೇಳಿ ಅಮ್ಮ ಹಿಂಜರಿಯುತ್ತಿದ್ದಾರೆ. ಇಬ್ಬರಿಗೇ ಒಂದು ಟೇಬಲ್ ಮೊದಲೇ ಕಾದಿರಿಸಬಹುದೆ?
– ಓದುಗರು, ಎಸ್.ಎಸ್. ಪುರಂ, ತುಮಕೂರು

ಉತ್ತರ: ಟಿಕೆಟ್ ದರದಲ್ಲೇ ಸೇರಿರುವ ಟೀಗೆ ಟೇಬಲ್ ಕಾದಿರಿಸುವ ಪದ್ಧತಿ ಇಲ್ಲ. ಮೊದಲು ಬಂದವರಿಗೆ ಮೊದಲು, ಅಷ್ಟೆ. ಹಾಗಂತ ಇಬ್ಬರದೇ ಟೇಬಲ್ ಸಿಗುವುದಿಲ್ಲ ಎಂದಲ್ಲ. ಯಾವ ದಿನ, ಎಷ್ಟು ಹೊತ್ತಿಗೆ ಹೋಗುತ್ತೀರಿ, ಬಾಗಿಲಲ್ಲಿ ಏನು ಹೇಳುತ್ತೀರಿ ಎಂಬುದರ ಮೇಲೆ ಅದು ನಿಂತಿದೆ.

ಈ ಹಡಗಿನಲ್ಲಿ ಟೀ ಕೊಡುವುದು 3ನೇ ಡೆಕ್‌ನ ಹಿಂಭಾಗದಲ್ಲಿರುವ ಕ್ವೀನ್ಸ್ ರೂಮ್‌ನಲ್ಲಿ. ರಾತ್ರಿ ನೃತ್ಯ ನಡೆಯುವ ದೊಡ್ಡ ಹಾಲ್ ಅದು. ಸಾಮಾನ್ಯವಾಗಿ 3.30ಕ್ಕೆ ಶುರುವಾಗಿ 4.30ಕ್ಕೆ ಮುಗಿಯುತ್ತದೆ. ಆಯಾ ದಿನದ ಸಮಯವನ್ನು ಹಿಂದಿನ ರಾತ್ರಿ ಕೋಣೆಗೆ ಬರುವ ಕಾರ್ಯಕ್ರಮ ಪಟ್ಟಿಯಲ್ಲಿ ನೋಡಿಕೊಳ್ಳಬೇಕು. ಬಿಳಿ ಕೈಗವಸು ತೊಟ್ಟ ವೇಟರ್‌ಗಳು ಮೊದಲು ಸಣ್ಣ ಸ್ಯಾಂಡ್‌ವಿಚ್, ಆಮೇಲೆ ಸ್ಕೋನ್ (ಬನ್ನಿನಂಥ ಸಣ್ಣ ತಿನಿಸು), ಕೊನೆಗೆ ಕೇಕು ಹಿಡಿದು ಟೇಬಲ್‌ನಿಂದ ಟೇಬಲ್‌ಗೆ ಬರುತ್ತಾರೆ.

ಈ ಪ್ರಯಾಣ ಸಾಮಾನ್ಯವಾಗಿ 7 ರಾತ್ರಿಯದು, ನಡುವೆ ಬಂದರು ಇಲ್ಲ. ಸುಮಾರು 2,700 ಪ್ರಯಾಣಿಕರೂ ಪ್ರತಿ ಮಧ್ಯಾಹ್ನ ಹಡಗಿನಲ್ಲೇ ಇರುತ್ತಾರೆ. ಬೇರೆ ಪ್ರವಾಸಗಳಲ್ಲಿ ‘ಬಂದರಿನ ದಿನ ಹೋಗಿ, ಊರು ನೋಡಲು ಎಲ್ಲರೂ ಇಳಿದಿರುತ್ತಾರೆ, ಟೇಬಲ್ ಖಾಲಿ ಇರುತ್ತದೆ’ ಎಂದು ಹೇಳುತ್ತೇವೆ. ಇಲ್ಲಿ ಆ ಉಪಾಯ ನಡೆಯುವುದಿಲ್ಲ. ಹೊಸದರ ಹುರುಪಿನಲ್ಲಿ ಮೊದಲ ಪೂರ್ತಿ ಸಮುದ್ರದ ದಿನ ಎಲ್ಲರೂ ಟೀಗೆ ನುಗ್ಗುತ್ತಾರೆ. ಅದನ್ನು ಬಿಟ್ಟು ಮೂರನೆಯ ಅಥವಾ ನಾಲ್ಕನೆಯ ದಿನ ಆರಿಸಿಕೊಳ್ಳಿ.

3.10ರ ಹೊತ್ತಿಗೆ ಬಾಗಿಲ ಬಳಿ ಇರಲಿ. 3.30ಕ್ಕೆ ಸರಿಯಾಗಿ ಹೋದರೆ ಸಾಲು ಆಗಲೇ ಉದ್ದವಾಗಿರುತ್ತದೆ. ಇಬ್ಬರಿಗಾಗುವ ಸಣ್ಣ ಟೇಬಲ್‌ಗಳು ಕಡಿಮೆ, ಮೊದಲು ತುಂಬುವುದೂ ಅವೇ. ಅದಾದ ಮೇಲೆ ಛತ್ರದ ಪಂಕ್ತಿಯ ಲೆಕ್ಕ: ಎಲ್ಲಿ ಜಾಗ ಖಾಲಿಯೋ ಅಲ್ಲಿ ಕೂರಿಸುತ್ತ ಹೋಗುತ್ತಾರೆ. ಇನ್ನೊಂದು ದಾರಿ, 4.05ರ ಸುಮಾರಿಗೆ ಹೋಗುವುದು. ಮೊದಲು ಕೂತವರು ಆಗ ಏಳತೊಡಗುತ್ತಾರೆ, ಟೇಬಲ್ ಸಿಗುತ್ತದೆ. ಆದರೆ ಸ್ಯಾಂಡ್‌ವಿಚ್ ತಟ್ಟೆ ಒಂದು ಸುತ್ತು ಮುಗಿದಿರುತ್ತದೆ, ಟೀ ಗಡಿಬಿಡಿಯಲ್ಲಿ ಮುಗಿಯುತ್ತದೆ. 50ನೇ ವರ್ಷದ ಟೀಗೆ ಇದು ಬೇಡ.

ಬಾಗಿಲಲ್ಲಿ ಕೇಳುವ ಪ್ರಶ್ನೆ ಒಂದೇ: ‘ವುಡ್ ಯು ಮೈಂಡ್ ಶೇರಿಂಗ್?’ ನಮ್ಮವರು ಎಡವುವುದು ಇಲ್ಲೇ. ದಾಕ್ಷಿಣ್ಯಕ್ಕೆ ನಕ್ಕು ತಲೆ ಅಲ್ಲಾಡಿಸುತ್ತೇವೆ. ನಮ್ಮ ತಲೆ ಅಲ್ಲಾಡಿಸುವಿಕೆಯನ್ನು ಅವರು ಒಪ್ಪಿಗೆ ಎಂದುಕೊಂಡು ಎಂಟು ಜನರ ಟೇಬಲ್ ಕಡೆ ನಡೆದೇ ಬಿಡುತ್ತಾರೆ. ಅವರು ಕೇಳುವ ಮೊದಲೇ ಅಪ್ಪ ‘ಟೇಬಲ್ ಫಾರ್ ಟೂ, ಪ್ಲೀಸ್. ವೀ ಕ್ಯಾನ್ ವೇಟ್’ ಎಂದು ಹೇಳಲಿ. ‘ಕಾಯುತ್ತೇವೆ’ ಎಂಬ ಆ ಎರಡನೆಯ ಮಾತು ಮುಖ್ಯ. ಸಾಲು ತಡೆಯುವುದಿಲ್ಲ ಎಂದು ಗೊತ್ತಾದರೆ ಅವರೂ ಸಲೀಸಾಗಿ ಪಕ್ಕಕ್ಕೆ ನಿಲ್ಲಿಸಿ, ಟೇಬಲ್ ಖಾಲಿಯಾದಾಗ ಕರೆಯುತ್ತಾರೆ.

ಟೀ ದಿನಕ್ಕೆ ಎರಡು ದಿನ ಮೊದಲೇ ಊಟದ ಹಾಲ್‌ನ ಮುಖ್ಯಸ್ಥರಿಗೆ (ಮೇತ್ರ್ ಡೀ ಎನ್ನುತ್ತಾರೆ) ವಾರ್ಷಿಕೋತ್ಸವದ ವಿಷಯ ತಿಳಿಸಿಡಿ. ಟೇಬಲ್‌ಗೆ ಅದು ಖಾತ್ರಿಯಲ್ಲ, ಆದರೆ ಬಾಗಿಲಲ್ಲಿ ನಿಂತವರಿಗೆ ಹೆಸರು ಗೊತ್ತಿರುತ್ತದೆ. ಕೇಳದಿದ್ದರೂ ಇನ್ನೊಂದು ಮಾತು: ಭಾರತದ ಪಾಸ್‌ಪೋರ್ಟ್ ಇದ್ದರೆ ಬ್ರಿಟನ್ನಿನ ವೀಸಾ ಜೊತೆಗೆ ಅಮೆರಿಕದ ವೀಸಾ ಕೂಡ ಕೈಯಲ್ಲಿರಬೇಕು.

ಪ್ರಶ್ನೆ: ದುಬಾರಿ ಕೋಣೆ ತೆಗೆದುಕೊಂಡರೆ ಟೀಗೆ ಬೇರೆ ಜಾಗ ಇರುತ್ತದಂತೆ, ನಿಜವೆ? ಬೇರೆ ಕಂಪನಿಗಳಲ್ಲಿ ಹೇಗೆ?
– ಓದುಗರು, ಮಾಲೂರು

ಉತ್ತರ: ನಿಜ. ‘ಕ್ವೀನ್ ಮೇರಿ 2’ ಓಡಿಸುವ ಕ್ಯುನಾರ್ಡ್ ಕಂಪನಿಯ ಹಡಗುಗಳಲ್ಲಿ ಗ್ರಿಲ್ ಸೂಟ್ ತೆಗೆದುಕೊಂಡವರಿಗೆ ಅವರದೇ ಲೌಂಜ್ ಇದೆ, ಟೀ ಅಲ್ಲೇ. ಜನ ಕಡಿಮೆ, ಟೇಬಲ್ ಹಂಚಿಕೊಳ್ಳುವ ಪ್ರಶ್ನೆಯೇ ಬರುವುದಿಲ್ಲ. ಟೀಗೋಸ್ಕರ ಅಷ್ಟು ದುಡ್ಡು ಸುರಿಯುವುದನ್ನು ನಾವಂತೂ ಒಪ್ಪುವುದಿಲ್ಲ.

ಉಳಿದ ಕಡೆ ಪದ್ಧತಿ ಬೇರೆ ಬೇರೆ. ಪ್ರಿನ್ಸೆಸ್ ಹಡಗುಗಳಲ್ಲಿ ಟೀ ಊಟದ ಹಾಲ್‌ನಲ್ಲೇ. ದೊಡ್ಡ ಟೇಬಲ್‌ಗಳನ್ನು ಒಂದೊಂದಾಗಿ ತುಂಬಿಸುವ ಅಭ್ಯಾಸ ಅಲ್ಲಿ ಹೆಚ್ಚು, ಕೇಳಿದರೆ ಮಾತ್ರ ಇಬ್ಬರ ಟೇಬಲ್ ಕೊಡುತ್ತಾರೆ. ಓಷಿಯಾನಿಯಾ ಹಡಗುಗಳಲ್ಲಿ ಮೇಲಿನ ಡೆಕ್‌ನ ಹೊರೈಜನ್ಸ್ ಲೌಂಜ್‌ನಲ್ಲಿ 4 ಗಂಟೆಗೆ ಕೊಡುತ್ತಾರೆ. ಲೌಂಜ್ ಆದ್ದರಿಂದ ಎರಡು, ನಾಲ್ಕು ಕುರ್ಚಿಗಳ ಗುಂಪುಗಳೇ ಜಾಸ್ತಿ. ಪಿ ಅಂಡ್ ಓ ಕಂಪನಿಯ ಕೆಲವು ಹಡಗುಗಳಲ್ಲಿ ಎಪಿಕ್ಯೂರಿಯನ್ ರೆಸ್ಟೋರೆಂಟ್‌ನಲ್ಲಿ ಪ್ರತ್ಯೇಕ ಹಣ ಕೊಟ್ಟು ಕುಡಿಯುವ ಟೀ ಇದೆ, ಅದನ್ನು ಮೊದಲೇ ಕಾದಿರಿಸಬಹುದು. ‘ನಮ್ಮದೇ ಟೇಬಲ್’ ಖಚಿತವಾಗಿ ಬೇಕೆನ್ನುವವರಿಗೆ, ಸೂಟ್‌ಗೆ ಹೋಲಿಸಿದರೆ ಹಣ ಕೊಟ್ಟು ಕುಡಿಯುವ ಟೀಯೇ ಅಗ್ಗ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವುದಿಲ್ಲ. ಎಲ್ಲರ ಜೊತೆ ಕೂತರೆ ತೊಂದರೆಯೇ?
– ಓದುಗರು, ಚಿಂತಾಮಣಿ

ಉತ್ತರ: ನಿಮಗೆ ಬೇರೆ ಟೇಬಲ್‌ಗಿಂತ ಬೇರೆ ತಟ್ಟೆ ಮುಖ್ಯ. ವೇಟರ್ ತರುವ ಒಂದೇ ದೊಡ್ಡ ತಟ್ಟೆಯಲ್ಲಿ ಸೌತೆಕಾಯಿ ಸ್ಯಾಂಡ್‌ವಿಚ್‌ನ ಪಕ್ಕದಲ್ಲೇ ಮೊಟ್ಟೆ, ಸಾಲ್ಮನ್ ಮೀನು, ಹ್ಯಾಮ್, ಚಿಕನ್ ಸ್ಯಾಂಡ್‌ವಿಚ್ ಇರುತ್ತದೆ. ಎಲ್ಲವನ್ನೂ ಎತ್ತಿ ಹಾಕುವ ಇಕ್ಕಳ ಒಂದೇ.

‘ವೆಜಿಟೇರಿಯನ್’ ಎಂದಷ್ಟೇ ಹೇಳಿದರೆ ಸಾಲದು. ಬ್ರಿಟಿಷ್ ಅಡುಗೆಮನೆಯಲ್ಲಿ ಸಸ್ಯಾಹಾರ ಎಂದರೆ ಮೊಟ್ಟೆಯೂ ಸೇರಿದ್ದು. ‘ನೋ ಮೀಟ್, ನೋ ಫಿಶ್, ನೋ ಎಗ್, ನೋ ಜೆಲಾಟಿನ್’ ಎಂದು ಬಿಡಿಸಿ ಹೇಳಿ. ಜೆಲಾಟಿನ್ ಎಂಬುದು ಪ್ರಾಣಿಯ ಮೂಳೆ, ಚರ್ಮದಿಂದ ತೆಗೆದ ಅಂಟು. ಸಣ್ಣ ಲೋಟದಲ್ಲಿ ಬರುವ ಮೂಸ್, ಪನ್ನಾ ಕೋಟಾ, ಹೊಳೆಯುವ ಹಣ್ಣಿನ ಪದರದ ಕೇಕುಗಳಲ್ಲಿ ಹೆಚ್ಚಾಗಿ ಇರುತ್ತದೆ. ಜಾಮ್ ಬಗ್ಗೆ ಹೆದರಬೇಡಿ, ಅದು ಗಟ್ಟಿಯಾಗುವುದು ಹಣ್ಣಿನ ಪೆಕ್ಟಿನ್‌ನಿಂದ. ಸ್ಕೋನ್‌ಗೆ ಬೆಣ್ಣೆ, ಹಾಲು ಹಾಕಿರುತ್ತಾರೆ. ಹಿಟ್ಟಿಗೆ ಮೊಟ್ಟೆ ಹಾಕದಿದ್ದರೂ ಮೇಲೆ ಹೊಳಪು ಬರಲೆಂದು ಮೊಟ್ಟೆ ಸವರುವುದುಂಟು, ಕೇಳಿಯೇ ತಿನ್ನಿ.

ಇದನ್ನು ಟಿಕೆಟ್ ಮಾಡಿಸುವಾಗಲೇ ಬರೆಸಿ. ಹಡಗು ಹತ್ತಿದ ದಿನ ಊಟದ ಹಾಲ್‌ಗೆ ಹೋಗಿ ಮತ್ತೊಮ್ಮೆ ಹೇಳಿ, ಏಕೆಂದರೆ ರಾತ್ರಿ ಊಟದವರಿಗೆ ಗೊತ್ತಿರುವುದು ಟೀ ಬಡಿಸುವವರಿಗೆ ತಲುಪಿರುವುದಿಲ್ಲ. ಟೀ ದಿನದ ಹಿಂದಿನ ರಾತ್ರಿ ತಿಳಿಸಿದರೆ ಬೇರೆ ತಟ್ಟೆ ಸಿದ್ಧವಾಗಿ ಬರುತ್ತದೆ. ಕೂತ ಮೇಲೆ ಹೇಳಿದರೆ ಅವರು ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಪಕ್ಕದ ಟೇಬಲ್‌ನವರು ಕೇಕಿಗೆ ಬಂದಿರುತ್ತಾರೆ.

ಪ್ರಶ್ನೆ: ಅತ್ತೆ-ಮಾವ, ಮಕ್ಕಳು ಎಲ್ಲ ಸೇರಿ ನಾವು 11 ಜನ. ಒಂದು ಕೋಣೆಯನ್ನೇ ನಮಗಾಗಿ ಬಿಟ್ಟುಕೊಡುತ್ತಾರೆಯೆ?
– ಓದುಗರು, ಕೆಜಿಎಫ್

ಉತ್ತರ: ಹಡಗು ಹತ್ತಿದ ಮೇಲೆ ಕೇಳಿದರೆ ಬಹುತೇಕ ಇಲ್ಲ ಎನ್ನುತ್ತಾರೆ. ಖಾಸಗಿ ಟೀ ಕೂಟವನ್ನು ಏರ್ಪಡಿಸುವುದು ಕಂಪನಿಯ ಗುಂಪು ಬುಕಿಂಗ್ ವಿಭಾಗ, ಅದೂ ಹಡಗು ಹೊರಡುವ ಎಷ್ಟೋ ವಾರ ಮೊದಲು, ಏಜೆಂಟರ ಮೂಲಕ. ಹಲವು ಕಂಪನಿಗಳಲ್ಲಿ ‘ಗುಂಪು’ ಎನಿಸಿಕೊಳ್ಳಲು 8 ಕೋಣೆ, ಅಂದರೆ 16 ಜನ ಬೇಕು. 11 ಜನಕ್ಕೆ ಆ ಸೌಲಭ್ಯ ಸಿಕ್ಕರೆ ಏಜೆಂಟರ ಪುಣ್ಯ, ಅದಕ್ಕೆ ಬೇರೆ ಶುಲ್ಕವೂ ಇರಬಹುದು.

ಇನ್ನೂ ಸುಲಭದ ದಾರಿ ಇದೆ. ಟೇಬಲ್ ಪೂರ್ತಿ ನೀವೇ ತುಂಬಿದರೆ ಅದು ತಾನಾಗಿಯೇ ನಿಮ್ಮದು. 11 ಜನ 6 ಮತ್ತು 5 ಆಗಿ ಒಡೆದು ಎಂಟು ಕುರ್ಚಿಯ ಎರಡು ಟೇಬಲ್‌ಗಳಿಗೆ ಕೂತರೆ, ಉಳಿದ ಕುರ್ಚಿಗಳಿಗೆ ಹೊರಗಿನವರು ಬರುತ್ತಾರೆ. ಎಂಟು ಕುರ್ಚಿಯ ಟೇಬಲ್ ಒಂದು, ನಾಲ್ಕರದ್ದು ಒಂದು ಕೇಳಿದರೆ ಮಿಗುವುದು ಒಂದೇ ಕುರ್ಚಿ. ಅಲ್ಲಿಗೆ ಇನ್ನೊಬ್ಬರನ್ನು ತಂದು ಕೂರಿಸುವುದು ಅಪರೂಪ. ಅಂದಹಾಗೆ, ಎಲ್ಲರೂ ಒಟ್ಟಿಗೆ ಬನ್ನಿ. ‘ಅವರು ಲಿಫ್ಟ್‌ನಲ್ಲಿದ್ದಾರೆ, ಈಗ ಬರುತ್ತಾರೆ’ ಎಂದು ಕುರ್ಚಿಗೆ ಕರ್ಚೀಫ್ ಹಾಕುವ ನಮ್ಮ ಬಸ್ ಸ್ಟ್ಯಾಂಡ್ ವಿದ್ಯೆ ಅಲ್ಲಿ ಸಲ್ಲುವುದಿಲ್ಲ.

ಪ್ರಶ್ನೆ: ಕೋಣೆಗೇ ಟೀ ತರಿಸಿಕೊಂಡರೆ ಈ ರಗಳೆಯೇ ಇಲ್ಲವಲ್ಲ?
– ಓದುಗರು, ಗೌರಿಬಿದನೂರು

ಉತ್ತರ: ಇಲ್ಲ. ಆದರೆ ಬೇರೆ ರಗಳೆ ಇದೆ. ರೂಮ್ ಸರ್ವಿಸ್ ಕೆಲವು ಕಂಪನಿಗಳಲ್ಲಿ ಉಚಿತ, ಕೆಲವರು ಪ್ರತಿ ಆರ್ಡರ್‌ಗೂ ಶುಲ್ಕ ಹಾಕುತ್ತಾರೆ. ಮೊದಲು ಕೇಳಿಕೊಳ್ಳಿ. ಮಧ್ಯಾಹ್ನ 3.30ಕ್ಕೆ ಬೇಕಿದ್ದರೆ ಮುಕ್ಕಾಲು ಗಂಟೆ ಮುಂಚೆಯೇ ಫೋನ್ ಮಾಡಿ. ಬಿಸಿ ಸ್ಕೋನ್ ಮುಚ್ಚಿದ ತಟ್ಟೆಯಲ್ಲಿ ಉದ್ದದ ಕಾರಿಡಾರ್ ದಾಟಿ ಬರುವಷ್ಟರಲ್ಲಿ ತಣ್ಣಗಾಗಿ, ಹಬೆಗೆ ಮೇಲ್ಭಾಗ ಮೆತ್ತಗಾಗಿರುತ್ತದೆ. ಪೂರ್ತಿ ಮೂರು ಸುತ್ತಿನ ಟೀ ಎಲ್ಲ ಕೋಣೆಗಳಿಗೂ ಕೊಡುವುದಿಲ್ಲ. ಬಟ್ಲರ್ ಇರುವ ಸೂಟ್‌ಗಳಿಗೆ ಅದು ಸಲೀಸು.

ಬಾಲ್ಕನಿಯಲ್ಲಿ ಕೂತು ಕುಡಿಯುವುದು ಜಾಹೀರಾತಿನಲ್ಲಿ ಚೆನ್ನ. ಹಡಗು ಓಡುತ್ತಿರುವಾಗ ಗಾಳಿಗೆ ಸ್ಯಾಂಡ್‌ವಿಚ್‌ನ ಅಂಚು ಹತ್ತೇ ನಿಮಿಷದಲ್ಲಿ ಒಣಗಿ ಮೇಲಕ್ಕೆ ಮಡಚಿಕೊಳ್ಳುತ್ತದೆ, ಕರವಸ್ತ್ರ ಸಮುದ್ರದ ಪಾಲು. ಹಡಗು ಬಂದರಿನಲ್ಲಿ ನಿಂತಿದ್ದಾಗ ಮಾತ್ರ ಈ ಆಸೆ ತೀರಿಸಿಕೊಳ್ಳಿ. ಬಫೆ ಹಾಲ್‌ನಲ್ಲೂ ಅದೇ ಹೊತ್ತಿಗೆ ಸ್ಕೋನ್, ಕೇಕು ಇಟ್ಟಿರುವ ಹಡಗುಗಳಿವೆ. ಸಂಗೀತ, ಕೈಗವಸು ಇಲ್ಲದಿದ್ದರೂ ಕಿಟಕಿ ಪಕ್ಕದ ಟೇಬಲ್ ನಿಮ್ಮದೇ.

ಪ್ರಶ್ನೆ: ಅಲ್ಲಿನ ಟೀ ನೀರು ನೀರಾಗಿರುತ್ತದಂತೆ. ನಮ್ಮ ರುಚಿಗೆ ಕೇಳಬಹುದೆ? ಸ್ಕೋನ್ ತಿನ್ನುವುದಕ್ಕೂ ಕ್ರಮ ಇದೆಯೆ?
– ಓದುಗರು, ತಿಪಟೂರು

ಉತ್ತರ: ಹಾಲಿನಲ್ಲಿ ಕುದಿಸಿದ ಟೀ ಅಲ್ಲಿ ಸಿಗುವುದಿಲ್ಲ. ಬಿಸಿನೀರಿನ ಕುಡಿಕೆಯಲ್ಲಿ ಸೊಪ್ಪೋ ಟೀ ಬ್ಯಾಗೋ ಇರುತ್ತದೆ, ಹಾಲು ಪಕ್ಕದಲ್ಲಿ, ಅದೂ ತಣ್ಣಗೆ. ಅಸ್ಸಾಂ ಅಥವಾ ಇಂಗ್ಲಿಷ್ ಬ್ರೇಕ್‌ಫಾಸ್ಟ್ ಕೇಳಿ, 5 ನಿಮಿಷ ಬಿಡಿ, ‘ಹಾಟ್ ಮಿಲ್ಕ್’ ಎಂದು ಬೇರೆಯಾಗಿ ಕೇಳಿ. ಡಾರ್ಜಿಲಿಂಗ್‌ಗೆ ಹಾಲು ಹಾಕಿದರೆ ಎರಡೂ ಹಾಳು. ಅರ್ಲ್ ಗ್ರೇಗೆ ಬರ್ಗಮಾಟ್ ಎಂಬ ನಿಂಬೆ ಜಾತಿಯ ಹಣ್ಣಿನ ಸಿಪ್ಪೆಯ ಎಣ್ಣೆ ಸೇರಿರುತ್ತದೆ, ಮೊದಲ ಸಲ ಕುಡಿದವರಿಗೆ ಸೋಪಿನ ವಾಸನೆ ಅನ್ನಿಸಬಹುದು. ಎಲ್ಲರ ಟೇಬಲ್‌ಗಳಿಗೂ ಒಂದೇ ಕುಡಿಕೆಯಿಂದ ಸುರಿಯುತ್ತ ಬರುವ ಕಡೆ ಈ ಆಯ್ಕೆ ಇರುವುದಿಲ್ಲ, ವೇಟರ್ ಹತ್ತಿರ ಬರುವ ಮೊದಲೇ ಕೇಳಬೇಕು.

ಸ್ಕೋನನ್ನು ಚಾಕುವಿನಿಂದ ಕೊಯ್ಯಬೇಕಿಲ್ಲ. ಚೆನ್ನಾಗಿ ಬೆಂದದ್ದು ನಡುವೆ ಸೀಳಿಕೊಂಡಿರುತ್ತದೆ, ಕೈಯಲ್ಲಿ ತಿರುಚಿದರೆ ಎರಡು ಹೋಳು. ಅದರ ಮೇಲೆ ಜಾಮ್ ಮತ್ತು ಕ್ಲಾಟೆಡ್ ಕ್ರೀಮ್. ಗಟ್ಟಿ ಕೆನೆಯನ್ನು ಸಣ್ಣ ಉರಿಯಲ್ಲಿ ಬಹಳ ಹೊತ್ತು ಕಾಯಿಸಿ, ಆರಿಸಿ, ಮೇಲೆ ಕಟ್ಟಿದ್ದನ್ನು ತೆಗೆದದ್ದು ಈ ಕ್ರೀಮ್. ಕಾರ್ನ್‌ವಾಲ್‌ನ ಕ್ರೀಮಿನಲ್ಲಿ ಕೊಬ್ಬು ಕನಿಷ್ಠ ಶೇ 55 ಇರಬೇಕು ಎಂಬ ನಿಯಮವೇ ಇದೆ. ಆದ್ದರಿಂದ ಎರಡಕ್ಕಿಂತ ಹೆಚ್ಚು ಸ್ಕೋನ್ ತಿಂದರೆ ರಾತ್ರಿ ಊಟದ ಆಸೆ ಬಿಡಿ. ಕಾರ್ನ್‌ವಾಲ್‌ನವರು ಮೊದಲು ಜಾಮ್ ಸವರುತ್ತಾರೆ, ಡೆವನ್‌ನವರು ಮೊದಲು ಕ್ರೀಮ್. ಜಗಳ ಅವರದು, ನಮಗೆ ಎರಡೂ ನಡೆಯುತ್ತದೆ.

ಪ್ರಶ್ನೆ: ರೇಷ್ಮೆ ಸೀರೆ ಉಟ್ಟು ಹೋದರೆ ಅತಿಯಾಯಿತು ಅನ್ನಿಸುತ್ತದೆಯೆ?
– ಓದುಗರು, ಶಿಡ್ಲಘಟ್ಟ

ಉತ್ತರ: ರೇಷ್ಮೆಯ ಊರಿನವರು ಕೇಳುವ ಪ್ರಶ್ನೆಯೇ ಇದು! ಧಾರಾಳವಾಗಿ ಉಡಿ. ಲೌಂಜ್‌ನ ಟೇಬಲ್ ಮೊಣಕಾಲೆತ್ತರಕ್ಕಿರುತ್ತದೆ, ಬಗ್ಗಿದಾಗ ಸೆರಗು ಕ್ರೀಮಿಗೆ ತಾಗುತ್ತದೆ. ಪಿನ್ ಹಾಕಿಕೊಳ್ಳಿ.

ಪ್ರಶ್ನೆ: ಟೇಬಲ್‌ಗೋಸ್ಕರ ಬಾಗಿಲಲ್ಲಿ ಟಿಪ್ಸ್ ಕೊಡಬೇಕೆ?
– ಓದುಗರು, ಬಂಗಾರಪೇಟೆ

ಉತ್ತರ: ಬೇಡ. ಬಹಳಷ್ಟು ಹಡಗುಗಳಲ್ಲಿ ದಿನಕ್ಕಿಷ್ಟು ಎಂದು ಟಿಪ್ಸ್ ನಿಮ್ಮ ಖಾತೆಗೆ ಆಗಲೇ ಸೇರಿರುತ್ತದೆ. ಚೆನ್ನಾಗಿ ನೋಡಿಕೊಂಡ ವೇಟರ್‌ಗೆ ಕೊನೆಯ ದಿನ ಕೊಡುವುದು ಬೇರೆ ಮಾತು.

ಪ್ರಶ್ನೆ: ಅಮ್ಮನಿಗೆ ಬಸ್ಸಿನಲ್ಲೇ ವಾಂತಿಯಾಗುತ್ತದೆ. ಟೀಗೆ ಎಲ್ಲಿ ಕೂರಿಸಬೇಕು?
– ಓದುಗರು, ಕೋಲಾರ

ಉತ್ತರ: ಹಡಗಿನ ಅಲುಗಾಟ ಮೂತಿಯ ಕಡೆಗೂ ಮೇಲಿನ ಡೆಕ್‌ಗಳಲ್ಲೂ ಹೆಚ್ಚು, ನಡುಭಾಗದ ಕೆಳಗಿನ ಡೆಕ್‌ಗಳಲ್ಲಿ ಕಡಿಮೆ. ನೋಟ ಚೆನ್ನಾಗಿರುವ ಮುಂಭಾಗದ ಲೌಂಜ್‌ಗಿಂತ ಊಟದ ಹಾಲ್‌ನ ಟೀ ಅಮ್ಮನಿಗೆ ಒಳ್ಳೆಯದು. ದಿಗಂತ ಕಾಣುವಂತೆ ಕೂರಿಸಿ, ಬಾಗಿಲಿಗೆ ಹತ್ತಿರದ ಟೇಬಲ್ ಕೇಳಿ. ಸಮುದ್ರ ಜೋರಾಗಿರುವ ದಿನ ಟೇಬಲ್ ಬಟ್ಟೆಯನ್ನು ಒದ್ದೆ ಮಾಡಿ ಹಾಸಿರುವುದುಂಟು, ಕಪ್ಪು ಜಾರದಿರಲೆಂದು. ಅದು ಕಂಡರೆ ಕಪ್ಪಿಗೆ ಅರ್ಧವೇ ಸುರಿಸಿಕೊಳ್ಳಿ, ಕ್ರೀಮ್ ಬಿಟ್ಟು ಬರೀ ಸ್ಕೋನ್ ಕೊಡಿ. ಅಂಥ ದಿನ ಅರ್ಧ ಜನ ಕೋಣೆ ಬಿಟ್ಟು ಬರುವುದಿಲ್ಲವಾದ್ದರಿಂದ ಟೇಬಲ್‌ಗಂತೂ ಬರವಿರುವುದಿಲ್ಲ.